ಬೆಲ್ಟು ಹೋದರೆ ದನಿಯೂ ಹೋಯಿತೆ?

ಬೇಸಿಗೆ ರಜೆಯಲ್ಲಿ ಅಟ್ಟ ಗುಡಿಸಲು ಹತ್ತಿದವರಿಗೆ ಸಿಗುವ ಸಾಮಾನುಗಳಲ್ಲಿ ಇದೂ ಒಂದು: ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಟೂ-ಇನ್-ವನ್. ಪಕ್ಕದಲ್ಲೊಂದು ಬಿಸ್ಕತ್ತಿನ ಡಬ್ಬ, ಅದರ ತುಂಬ ಕ್ಯಾಸೆಟ್ಟುಗಳು. ಹೆಚ್ಚಿನವು ಅಂಗಡಿಯಲ್ಲಿ ಕೊಂಡ ಭಾವಗೀತೆ, ದೇವರನಾಮ, ಸಿನಿಮಾ ಹಾಡುಗಳವು. ಅವು ಈಗ ಮೊಬೈಲಿನಲ್ಲೂ ಸಿಗುತ್ತವೆ, ಚಿಂತೆಯಿಲ್ಲ. ಆದರೆ ಒಂದೆರಡರ ಮೇಲೆ ನೀಲಿ ಶಾಯಿಯ ಕೈಬರಹವಿರುತ್ತದೆ: 'ಚಿಕ್ಕಪ್ಪನ ಮದುವೆ, ಅಜ್ಜಿಯ ಸೋಬಾನೆ'. ಆ ಅಜ್ಜಿ ಈಗಿಲ್ಲ. ಆ ಹಾಡು ಲೋಕದಲ್ಲಿ ಇನ್ನೆಲ್ಲಿಯೂ ಇಲ್ಲ.

ಆಸೆಯಿಂದ ಕ್ಯಾಸೆಟ್ ಹಾಕಿ ಗುಂಡಿ ಒತ್ತುತ್ತಾರೆ. ದೀಪ ಹತ್ತುತ್ತದೆ. ಒಳಗೆಲ್ಲೋ 'ಗುಂಯ್' ಎಂದು ಮೋಟಾರು ತಿರುಗುವ ಸದ್ದೂ ಕೇಳುತ್ತದೆ. ಚಕ್ರ ಮಾತ್ರ ಅಲುಗುವುದಿಲ್ಲ. ಬೀದಿಯ ತುದಿಯ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಒಂದೇ ಮಾತು: 'ಇದರ ಪಾರ್ಟ್ಸ್ ಈಗ ಬರೋದಿಲ್ಲ ಸಾರ್, ಗುಜರಿಗೆ ಹಾಕಿ.' ಅಪ್ಪ ನಿಟ್ಟುಸಿರು ಬಿಡುತ್ತಾರೆ. ಯಂತ್ರ ಮತ್ತೆ ಸೀರೆಯ ತುಂಡಿನೊಳಗೆ ಸೇರುತ್ತದೆ.

ಪಾರ್ಟ್ಸ್ ಬರುವುದಿಲ್ಲ ಎಂಬ ಮಾತು ನಿಜವೆ? ಅರ್ಧ ನಿಜ. ಆ ಕಂಪೆನಿಯ ಹೆಸರು, ನಂಬರು ಹೊತ್ತ ಪೊಟ್ಟಣದಲ್ಲಿ ಬರುವುದಿಲ್ಲ. ಆದರೆ ಆ ಭಾಗ ಮಾಡಬೇಕಾದ ಕೆಲಸವನ್ನು ಮಾಡಬಲ್ಲ ವಸ್ತು ಬಹುಮಟ್ಟಿಗೆ ಎಲ್ಲಾದರೂ ಇದ್ದೇ ಇರುತ್ತದೆ. ಎಲ್ಲಿ ಹುಡುಕಬೇಕು ಎಂಬುದು ತಿಳಿಯಬೇಕಾದರೆ ಯಾವ ಭಾಗ ಯಾಕೆ ಕೆಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಜೇಬಿನ ಅಳತೆಯ ಮರದ ತುಂಡು

ಕ್ಯಾಸೆಟ್ಟನ್ನು ಲೋಕಕ್ಕೆ ಕೊಟ್ಟದ್ದು ಹಾಲೆಂಡಿನ ಫಿಲಿಪ್ಸ್ ಕಂಪೆನಿ. ಬೆಲ್ಜಿಯಂ ದೇಶದ ಹಸೆಲ್ಟ್ ಎಂಬ ಊರಿನ ಅದರ ಕಾರ್ಖಾನೆಯಲ್ಲಿ ಲೂ ಒಟ್ಟೆನ್ಸ್ ಎಂಬ ಎಂಜಿನಿಯರ್ ಮತ್ತು ಅವರ ತಂಡ ಇದನ್ನು ರೂಪಿಸಿತು. 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಇದು ಮೊದಲು ಜನರ ಕಣ್ಣಿಗೆ ಬಿತ್ತು. ಅದಕ್ಕೂ ಮುಂಚಿನ ಟೇಪ್ ರೆಕಾರ್ಡರುಗಳಲ್ಲಿ ತೆರೆದ ದೊಡ್ಡ ಸುರುಳಿಗಳಿರುತ್ತಿದ್ದವು. ಯಂತ್ರವನ್ನು ಹೊರುವುದೇ ಒಂದು ಕಷ್ಟ. ಒಟ್ಟೆನ್ಸ್ ತಮ್ಮ ಕೋಟಿನ ಜೇಬಿಗೆ ಹಿಡಿಯುವಂಥ ಒಂದು ಮರದ ತುಂಡನ್ನು ಕತ್ತರಿಸಿಕೊಂಡು, ಹೊಸ ಯಂತ್ರ ಇಷ್ಟೇ ಇರಬೇಕು ಎಂದು ಹಟ ಹಿಡಿದರಂತೆ. ಆ ಚಾರಿತ್ರಿಕ ಮರದ ತುಂಡು ಮುಂದೆ ಕಾರಿನ ಪಂಕ್ಚರಾದ ಚಕ್ರ ಬದಲಿಸುವಾಗ ಜಾಕಿನ ಅಡಿಗೆ ಹೋಗಿ ಕಳೆದೇಹೋಯಿತು! ಒಟ್ಟೆನ್ಸ್ 2021ರಲ್ಲಿ ತೀರಿಕೊಂಡರು.

ಫಿಲಿಪ್ಸ್ ತನ್ನ ಕ್ಯಾಸೆಟ್ಟಿನ ಅಳತೆಗಳನ್ನು ಬೇರೆ ಕಂಪೆನಿಗಳಿಗೂ ಬಿಟ್ಟುಕೊಟ್ಟಿತು. ಟೇಪಿನ ಅಗಲ 3.81 ಮಿಲಿಮೀಟರ್, ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಜಪಾನಿನಲ್ಲಿ ಮಾಡಿದರೂ ಬೆಂಗಳೂರಿನಲ್ಲಿ ತುಂಬಿಸಿದರೂ ಇಷ್ಟೇ. ಹೀಗಾಗಿ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಟೇಪು, 90 ನಿಮಿಷದ್ದರಲ್ಲಿ ಸುಮಾರು 129 ಮೀಟರ್. ಲೆಕ್ಕ ಬೇಕಾದವರು ಗುಣಿಸಿ ನೋಡಬಹುದು.

ತಮಾಷೆಯ ಸಂಗತಿ ಇರುವುದು ಇಲ್ಲಿ. ಕ್ಯಾಸೆಟ್ಟಿಗೆ ಇದ್ದ ಈ ಒಮ್ಮತ ಯಂತ್ರದ ಒಳಭಾಗಕ್ಕೆ ಇರಲಿಲ್ಲ. ಯಾವ ಕ್ಯಾಸೆಟ್ಟನ್ನಾದರೂ ಯಾವ ಯಂತ್ರಕ್ಕಾದರೂ ಹಾಕಬಹುದು. ಒಂದು ಯಂತ್ರದ ಬೆಲ್ಟು ಮಾತ್ರ ಇನ್ನೊಂದಕ್ಕೆ ಆಗುವುದಿಲ್ಲ. ರಿಪೇರಿಯ ತಾಪತ್ರಯವೆಲ್ಲ ಹುಟ್ಟುವುದು ಇದರಿಂದಲೇ.

ಒಳಗೆ ನಡೆಯುವುದೇನು?

ಮೋಟಾರಿನ ತುದಿಯಲ್ಲಿ ಒಂದು ಪುಟ್ಟ ರಾಟೆ. ಅದರಿಂದ ರಬ್ಬರ್ ಬೆಲ್ಟು ಹೊರಟು ಭಾರವಾದ ಒಂದು ಲೋಹದ ಗಾಲಿಯನ್ನು ತಿರುಗಿಸುತ್ತದೆ. ಇದು ಫ್ಲೈವೀಲ್. ಇದರ ನಡುವಿನಿಂದ ಹೊರಟ, ಸೂಜಿಗಿಂತ ತುಸು ದಪ್ಪನೆಯ ಉಕ್ಕಿನ ಕಡ್ಡಿಯೇ ಕ್ಯಾಪ್‌ಸ್ಟನ್. ಗುಂಡಿ ಒತ್ತಿದಾಗ ಒಂದು ರಬ್ಬರ್ ಉರುಳೆ ಬಂದು ಟೇಪನ್ನು ಈ ಕಡ್ಡಿಗೆ ಅದುಮುತ್ತದೆ. ಕಬ್ಬಿನ ಗಾಣದಲ್ಲಿ ಜಲ್ಲೆ ಮುಂದೆ ಸರಿದಂತೆ ಟೇಪು ಇವೆರಡರ ನಡುವೆ ಮುಂದೆ ಸರಿಯುತ್ತದೆ. ಸರಿದು ಬಂದ ಟೇಪನ್ನು ಬಲಗಡೆಯ ಚಕ್ರ ಸುತ್ತಿಕೊಳ್ಳುತ್ತದೆ. ನಡುವೆ ಇರುವ ಹೆಡ್ಡು ಟೇಪಿನ ಮೇಲಿನ ಅಯಸ್ಕಾಂತದ ಗುರುತುಗಳನ್ನು ಓದುತ್ತದೆ, ಅಥವಾ ಬರೆಯುತ್ತದೆ.

ಶಾಲೆಯ ಮಕ್ಕಳಿಗೆ ಇಲ್ಲೊಂದು ಸೊಗಸಾದ ಲೆಕ್ಕವಿದೆ. ಕ್ಯಾಪ್‌ಸ್ಟನ್ ಕಡ್ಡಿಯ ವ್ಯಾಸ 2 ಮಿಲಿಮೀಟರ್ ಎನ್ನಿ. ಅದರ ಸುತ್ತಳತೆ 6.28 ಮಿಲಿಮೀಟರ್. ಸೆಕೆಂಡಿಗೆ 47.6 ಮಿಲಿಮೀಟರ್ ಟೇಪು ಸರಿಯಬೇಕಾದರೆ ಕಡ್ಡಿ ಸೆಕೆಂಡಿಗೆ ಏಳೂವರೆ ಸುತ್ತಿಗೂ ತುಸು ಹೆಚ್ಚು, ನಿಮಿಷಕ್ಕೆ ಸುಮಾರು 455 ಸುತ್ತು ತಿರುಗಬೇಕು. ಇಂಥ ಯಂತ್ರಗಳ ಮೋಟಾರು ಸಾಮಾನ್ಯವಾಗಿ ನಿಮಿಷಕ್ಕೆ 2400 ಸುತ್ತಿನದು. ಹಾಗಾದರೆ ಫ್ಲೈವೀಲಿನ ವ್ಯಾಸ ಮೋಟಾರಿನ ರಾಟೆಯ ವ್ಯಾಸಕ್ಕಿಂತ ಐದು ಪಟ್ಟಿಗೂ ತುಸು ಹೆಚ್ಚಿರಬೇಕು. ಯಂತ್ರ ಬಿಚ್ಚಿದಾಗ ಸ್ಕೇಲು ಹಿಡಿದು ನೋಡಬಹುದು.

ಮೂರು ಬಗೆಯ ಭಾಗಗಳು

ಈ ಯಂತ್ರದ ಭಾಗಗಳನ್ನು ಮೂರು ಗುಂಪು ಮಾಡಿಕೊಂಡರೆ ಹುಡುಕಾಟ ಸಲೀಸು. ಒಂದು, ಬಳಸಿದರೂ ಬಳಸದಿದ್ದರೂ ಕಾಲಕ್ಕೆ ಕೆಡುವಂಥವು: ರಬ್ಬರು, ಕೆಲವು ಪ್ಲಾಸ್ಟಿಕ್ಕು, ಗ್ರೀಸು, ಎಲೆಕ್ಟ್ರೊಲಿಟಿಕ್ ಕೆಪಾಸಿಟರು. ಎರಡು, ಬಳಸಿದಷ್ಟೂ ಸವೆಯುವಂಥವು: ಹೆಡ್ಡು, ಮೋಟಾರು. ಮೂರು, ಇವೆರಡಕ್ಕೂ ಸುಲಭಕ್ಕೆ ಜಗ್ಗದಂಥವು: ಟ್ರಾನ್ಸಿಸ್ಟರು, ಐ.ಸಿ., ಫ್ಲೈವೀಲು, ಸ್ಪ್ರಿಂಗು, ಸ್ಕ್ರೂ.

ಮೊದಲನೆಯ ಗುಂಪಿನವನ್ನು ಹೊಸದಾಗಿಯೇ ಕೊಳ್ಳಬೇಕು. ಎರಡನೆಯದನ್ನು ಕಡಿಮೆ ಓಡಿದ ಹಳೆಯ ಯಂತ್ರದಿಂದ ತೆಗೆದುಕೊಳ್ಳಬಹುದು. ಮೂರನೆಯದಕ್ಕೆ ಗುಜರಿಯೇ ಭಂಡಾರ. ಈ ಸರಳ ಸೂತ್ರ ತಿಳಿಯದೆ ಹಣ ಕಳೆದುಕೊಳ್ಳುವವರು ಬಹಳ. ಮೂವತ್ತು ವರ್ಷದ ಹಿಂದಿನ, ಸೀಲು ಒಡೆಯದ ಅಸಲಿ ಬೆಲ್ಟು ಸಿಕ್ಕಿತೆಂದು ದುಬಾರಿ ಬೆಲೆ ತೆತ್ತು ತರಿಸುತ್ತಾರೆ. ಆದರೆ ರಬ್ಬರಿಗೆ ತಾನು ಪೊಟ್ಟಣದೊಳಗಿದ್ದೇನೆ ಎಂಬ ಅರಿವಿರುವುದಿಲ್ಲವಲ್ಲ! ಅಟ್ಟದ ಮೇಲಿನ ಬೆಲ್ಟಿಗೆ ಎಷ್ಟು ವಯಸ್ಸಾಗಿದೆಯೋ ಪೊಟ್ಟಣದ ಬೆಲ್ಟಿಗೂ ಅಷ್ಟೇ ಆಗಿರುತ್ತದೆ.

ಬೆಲ್ಟಿನ ಬೇಟೆ

ಗುಂಯ್ ಎಂದು ಸದ್ದು ಮಾಡಿಯೂ ತಿರುಗದ ಯಂತ್ರದಲ್ಲಿ ಹತ್ತಕ್ಕೆ ಒಂಬತ್ತು ಸಲ ಅಪರಾಧಿ ಬೆಲ್ಟೇ. ರಬ್ಬರಿನ ಅಣುಗಳು ಉದ್ದುದ್ದ ಸರಪಣಿಗಳು. ಗಾಳಿಯ ಆಮ್ಲಜನಕ, ಓಜೋನ್, ತೇವ ಇವೆಲ್ಲ ಸೇರಿ ವರ್ಷಗಟ್ಟಲೆ ಅವನ್ನು ಕಾಡುತ್ತವೆ. ಸರಪಣಿಗಳು ತುಂಡಾದರೆ ಬೆಲ್ಟು ಅಂಟಾಗುತ್ತದೆ. ಒಂದಕ್ಕೊಂದು ಬಿಗಿದುಕೊಂಡರೆ ಗಡಸಾಗಿ ಬಿರಿಯುತ್ತದೆ. ಕೆಲವು ಯಂತ್ರ ಬಿಚ್ಚಿದಾಗ ಬೆಲ್ಟಿನ ಜಾಗದಲ್ಲಿ ಡಾಂಬರಿನಂಥ ಕಪ್ಪು ಲೇಪ ಮಾತ್ರ ಇರುತ್ತದೆ. ಬಟ್ಟೆಗೆ ತಾಗಿದರೆ ಹೋಗದ ಕಲೆ. ಹಳೆಯ ಕಾಗದ ಹಾಸಿಕೊಂಡು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ರಾಟೆಗಳನ್ನೆಲ್ಲ ಒರೆಸಿ ತೆಗೆಯಬೇಕು. ಚೂರು ಉಳಿದರೂ ಹೊಸ ಬೆಲ್ಟು ಕುಂಟುತ್ತದೆ.

ಈಗ ಅಂಗಡಿಗೆ ಹೋಗುವ ಮಾತು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ ಗೊತ್ತು. ಚೆನ್ನೈನವರಿಗೆ ರಿಚಿ ಸ್ಟ್ರೀಟ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರಸ್ತೆ ಇದ್ದಂತೆ. ಈಗ ಅಲ್ಲಿ ಕಂಪ್ಯೂಟರು, ಮೊಬೈಲಿನ ಸಾಮಾನುಗಳದೇ ಭರಾಟೆ. ಹುಡುಗನೊಬ್ಬ ಹೋಗಿ, 'ಅಂಕಲ್, ಟೇಪ್ ರೆಕಾರ್ಡರ್ ಬೆಲ್ಟ್ ಇದೆಯಾ?' ಎಂದು ಕೇಳುತ್ತಾನೆ ಎನ್ನಿ. ಅಂಗಡಿಯವರು ತಲೆಯೆತ್ತಿ ಕೇಳುವ ಮೊದಲ ಪ್ರಶ್ನೆ, 'ಸೈಜ್ ಎಷ್ಟಪ್ಪಾ?' ಕಂಪೆನಿಯ ಹೆಸರು ಹೇಳಿದರೆ ಪ್ರಯೋಜನವಿಲ್ಲ. ಅಳತೆ ಹೇಳಿದವನಿಗೆ ಬೆಲ್ಟು, ಹೆಸರು ಹೇಳಿದವನಿಗೆ 'ಇಲ್ಲ' ಎಂಬ ಉತ್ತರ.

ಅಳತೆ ಮೂರು. ಮೊದಲನೆಯದು ಆಕಾರ: ಅಡ್ಡ ಕತ್ತರಿಸಿದರೆ ಚೌಕವೋ, ದುಂಡೋ, ಪಟ್ಟಿಯಂತೆ ಚಪ್ಪಟೆಯೋ? ಎರಡನೆಯದು ದಪ್ಪ, ಇದಕ್ಕೆ ಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ಹೇಳಿ ಮಾಡಿಸಿದ ಸಾಧನ. ಮೂರನೆಯದು ಉದ್ದ: ಹಳೆಯ ಬೆಲ್ಟನ್ನು ಮಡಿಸಿ, ಎಳೆಯದೆ ಸ್ಕೇಲಿನ ಮೇಲಿಟ್ಟು ಅಳೆದು ಎರಡರಿಂದ ಗುಣಿಸಬೇಕು. ಮಡಿಸಿದಾಗ 10 ಸೆಂಟಿಮೀಟರ್ ಇದ್ದರೆ ಸುತ್ತಳತೆ 20. ಆದರೆ ಹಳೆಯ ಬೆಲ್ಟು ಹಿಗ್ಗಿರುತ್ತದೆ. ಆದ್ದರಿಂದ ಹೊಸದು ಶೇಕಡಾ ಐದರಷ್ಟು ಚಿಕ್ಕದಿರಲಿ, ಅಂದರೆ 19. ಬೆಲ್ಟು ಕರಗಿಯೇ ಹೋಗಿದ್ದರೆ ಅದು ಹಾಯುತ್ತಿದ್ದ ದಾರಿಯುದ್ದಕ್ಕೂ ಹೊಲಿಗೆ ದಾರ ಸುತ್ತಿ, ಆ ದಾರವನ್ನು ಅಳೆದು, ಅದರಲ್ಲಿ ಐದರಿಂದ ಹತ್ತು ಪಾಲು ಕಳೆದರಾಯಿತು.

'ಬಿಗಿಯಾಗಿದ್ದಷ್ಟೂ ಒಳ್ಳೆಯದಲ್ಲವೆ?' ಎಂದು ಕೇಳುವವರುಂಟು. ಅಲ್ಲ. ಬಿಗಿ ಹೆಚ್ಚಾದರೆ ಮೋಟಾರಿನ ಬೇರಿಂಗು ಸವೆಯುತ್ತದೆ. ದಪ್ಪ ಹೆಚ್ಚಾದರೆ ಚಿಕ್ಕ ರಾಟೆಯೇ ತುಸು ದೊಡ್ಡದಾದಂತಾಗಿ ಟೇಪಿನ ವೇಗ ಏರುತ್ತದೆ, ಅಜ್ಜಿಯ ದನಿ ಹುಡುಗಿಯ ದನಿಯಾಗುತ್ತದೆ. ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡನ್ನು ಹಾಕಿ ನೋಡದ ಮನೆಯಿಲ್ಲ. ಚಕ್ರವೇನೋ ತಿರುಗುತ್ತದೆ. ಆದರೆ ಅದರ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾಗಿ ಹಾಡು ನೀರಿನೊಳಗಿಂದ ಬಂದಂತೆ ತೇಲಾಡುತ್ತದೆ. ಮೋಟಾರು ಸರಿಯಿದೆಯೇ ಎಂದು ಪರೀಕ್ಷಿಸಲು ಎರಡು ನಿಮಿಷಕ್ಕೆ ಅದು ಸಾಕು, ಕೇಳಲು ಆಗದು.

ಅಂಗಡಿಯಲ್ಲಿ ಸಿಗದಿದ್ದರೆ ಬೇರೆ ಬೇರೆ ಅಳತೆಯ ಬೆಲ್ಟುಗಳ ಮಿಶ್ರ ಪ್ಯಾಕೆಟ್ಟುಗಳು ಅಂಚೆಯಲ್ಲಿ ತರಿಸಲು ಸಿಗುತ್ತವೆ. ಅದರಲ್ಲಿ ಒಂದು ಕೂಡಿಬರುವುದುಂಟು.

ಹಾರ್ಡ್‌ವೇರ್ ಅಂಗಡಿಯ ಉತ್ತರ

ಪ್ಲೇ ಸರಿಯಾಗಿ ಆಗುತ್ತದೆ, ಹಿಂದಕ್ಕೆ ಸುತ್ತುವುದು ಮಾತ್ರ ಆಗುವುದಿಲ್ಲ. ಅಥವಾ ಟೇಪು ಹೊರಬಂದು ಯಂತ್ರದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. 'ಕ್ಯಾಸೆಟ್ ನುಂಗುತ್ತದೆ' ಎಂದು ಜನ ಹೇಳುವುದು ಇದನ್ನೇ. ಕ್ಯಾಪ್‌ಸ್ಟನ್ ಟೇಪನ್ನು ತಳ್ಳುತ್ತಿದೆ, ಬಲಗಡೆಯ ಚಕ್ರ ಸುತ್ತಿಕೊಳ್ಳುತ್ತಿಲ್ಲ ಎಂದು ಇದರ ಅರ್ಥ. ಚಕ್ರಕ್ಕೆ ಚಲನೆ ಮುಟ್ಟಿಸುವ ಐಡ್ಲರ್ ಎಂಬ ಪುಟ್ಟ ಗಾಲಿಯ ರಬ್ಬರ್ ಟೈರು ನುಣುಪಾಗಿ ಜಾರುತ್ತಿರುತ್ತದೆ.

ಈ ಟೈರನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹುಡುಕಿ ಸೋತವರು ನಲ್ಲಿ-ಪಂಪು ರಿಪೇರಿಯ ಸಾಮಾನು ಮಾರುವ ಹಾರ್ಡ್‌ವೇರ್ ಅಂಗಡಿಗೆ ಹೋಗಬೇಕು. ನೀರು ಸೋರದಂತೆ ಹಾಕುವ ಓ-ರಿಂಗು ಅಲ್ಲಿ ಹತ್ತಾರು ಅಳತೆಗಳಲ್ಲಿ ಸಿಗುತ್ತದೆ. ಹೊರ ವ್ಯಾಸ, ದಪ್ಪ ಹೊಂದಿದರೆ ಅದೇ ಟೈರು. ಅದು ಟೇಪ್ ರೆಕಾರ್ಡರಿಗೆಂದು ಹುಟ್ಟಿದ್ದಲ್ಲ. ಆದರೆ ಕೆಲಸ ಒಂದೇ, ಹಿಡಿದು ತಿರುಗಿಸುವುದು. ಹೆಸರನ್ನು ಬಿಟ್ಟು ಕೆಲಸವನ್ನು ಹುಡುಕಿದರೆ ಅಂಗಡಿಗಳ ಸಂಖ್ಯೆ ಹೆಚ್ಚುತ್ತದೆ.

ಟೇಪನ್ನು ಅದುಮುವ ರಬ್ಬರ್ ಉರುಳೆಯದು ತುಸು ನಾಜೂಕಿನ ವಿಷಯ. ಅದರ ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಮೊದಲು ಸೋಪಿನ ನೀರಿನಲ್ಲಿ ಒರೆಸಿ ನೋಡಬೇಕು. ಕಂದು ಕೊಳೆ ಹೋಗಿ ಮಾಸಲು ಕಪ್ಪು ಬಣ್ಣ ಬಂದರೆ ಬಚಾವು. ಬಿರಿದಿದ್ದರೆ ಹೊರ ವ್ಯಾಸ, ಅಗಲ, ನಡುವಿನ ತೂತು ಈ ಮೂರು ಅಳತೆ ಹಿಡಿದು ಬದಲಿಸಬೇಕು.

ಗುಜರಿಯ ಒಳ್ಳೆಯ ಗುಣ

ಎರಡನೆಯ ಗುಂಪಿಗೆ ಬರೋಣ. ಹೆಡ್ಡು ಸವೆದಿದೆಯೇ ಎಂದು ಉಗುರಿನಿಂದಲೇ ತಿಳಿಯಬಹುದು. ಅದರ ಹೊಳೆಯುವ ಮುಖದಲ್ಲಿ ಟೇಪಿನಗಲದ ತಗ್ಗು ಉಗುರಿಗೆ ತಡೆಯುತ್ತಿದ್ದರೆ ಅದರ ಆಯುಸ್ಸು ಮುಗಿಯುತ್ತ ಬಂತು. ಇಂಥ ಹೆಡ್ಡು, ಮೋಟಾರುಗಳಿಗೆ ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನ ಸಂಡೇ ಬಜಾರಿನಂಥ ಸಂತೆಗಳು, ಊರೂರಿನ ಗುಜರಿ ಅಂಗಡಿಗಳು ತಕ್ಕ ಜಾಗ. ಮೈ ಒಡೆದ, ಗುಂಡಿ ಕಿತ್ತ ಯಂತ್ರವಾದರೂ ಚಿಂತೆಯಿಲ್ಲ. ಬೇಕಾದ್ದು ಒಳಗಿನ ಅಂಗ.

ಇಲ್ಲಿ ತಿಳಿದಿರಬೇಕಾದ ಗುಟ್ಟೊಂದಿದೆ. ಯಂತ್ರದ ಮುಖದ ಮೇಲಿನ ಹೆಸರು ಬೇರೆ, ಒಳಗಿನ ಚಲಿಸುವ ಭಾಗವನ್ನು ಮಾಡಿದವರು ಬೇರೆ. ಜಪಾನಿನ ತನಾಶಿನ್ ಎಂಬ ಸಂಸ್ಥೆ ಹಲವಾರು ಕಂಪೆನಿಗಳಿಗೆ ಈ ಭಾಗವನ್ನು ಮಾಡಿ ಕೊಡುತ್ತಿತ್ತು. 2009ರಲ್ಲಿ ಅದು ತಯಾರಿಕೆ ನಿಲ್ಲಿಸಿತು. ಅದರ ಮಾದರಿಯ ನಕಲುಗಳು ಚೀನಾದಲ್ಲಿ ಈಗಲೂ ತಯಾರಾಗುತ್ತವೆ. ಇಂದಿನ ಅಗ್ಗದ ಹೊಸ ಪ್ಲೇಯರುಗಳಲ್ಲಿ ಇರುವುದು ಬಹುಮಟ್ಟಿಗೆ ಅದೇ. ಆದ್ದರಿಂದ ಮುಖ ನೋಡಿ ಮಣೆ ಹಾಕಬಾರದು. ಹಿಂಬದಿ ಬಿಚ್ಚಿ ಎರಡೂ ಯಂತ್ರಗಳ ಒಳಭಾಗ ಒಂದೇ ರೀತಿ ಇದೆಯೇ ಎಂದು ಹೋಲಿಸಬೇಕು. ಬೇರೆ ಬೇರೆ ಹೆಸರಿನ ಯಂತ್ರಗಳು ಒಳಗೆ ಅವಳಿಗಳಾಗಿರುವುದು ಅಪರೂಪವಲ್ಲ.

ಮೋಟಾರು ಬದಲಿಸುವಾಗ ಅದರ ಬೆನ್ನಿನ ಚೀಟಿಯಲ್ಲಿ ಎರಡು ಸಂಗತಿ ನೋಡಬೇಕು: ವೋಲ್ಟೇಜು (6, 9 ಅಥವಾ 12) ಮತ್ತು ತಿರುಗುವ ದಿಕ್ಕು. ಒಳಗೆ ವೇಗ ನಿಯಂತ್ರಿಸುವ ಸರ್ಕಿಟ್ ಇರುವ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ಬದಲಾಗದು, ಸರ್ಕಿಟ್ ಸುಟ್ಟೀತು. ಹೆಡ್ಡಿನ ವಿಷಯದಲ್ಲಿ ಮೊನೊ ಮತ್ತು ಸ್ಟೀರಿಯೊ ವ್ಯತ್ಯಾಸ ಗಮನಿಸಬೇಕು. ಕಾರಿನ ಸ್ಟೀರಿಯೊದಿಂದ ತೆಗೆದ ಹೆಡ್ಡು ಕೇಳಲು ಆದೀತು. ಅದು ಓದಲಿಕ್ಕಷ್ಟೇ ಮಾಡಿದ್ದಾದ್ದರಿಂದ ರೆಕಾರ್ಡಿಂಗಿಗೆ ಸಲ್ಲದು.

ಆದರೆ ಗುಜರಿಯಿಂದ ಪರಿಹಾರವಾಗದ ಕಾಯಿಲೆಯೊಂದಿದೆ. ಅದು ಪ್ಲಾಸ್ಟಿಕ್ ಗೇರು. 1984ರ ಹೊತ್ತಿಗೆ ಬಂದ ಸೋನಿ ಕಂಪೆನಿಯ ಡಬ್ಲ್ಯು.ಎಂ.-ಡಿ6ಸಿ ಎಂಬ 'ವಾಕ್‌ಮನ್ ಪ್ರೊಫೆಶನಲ್' ಪತ್ರಕರ್ತರು, ಸಂಗೀತ ಮುದ್ರಿಸುವವರು ಮೆಚ್ಚಿದ ಯಂತ್ರ. ಅದರ ನಡುವಿನ ಗೇರು ವಯಸ್ಸಾದಂತೆ ಬಿರುಕು ಬಿಡುವುದು ರಿಪೇರಿ ಬಲ್ಲವರಿಗೆಲ್ಲ ಗೊತ್ತು. ಇನ್ನೊಂದು ಹಳೆಯ ಯಂತ್ರ ತಂದರೆ ಅದರ ಗೇರೂ ಅದೇ ಪ್ಲಾಸ್ಟಿಕ್ಕಿನದು, ಅದೇ ವಯಸ್ಸಿನದು, ಅದೇ ಜಾಗದಲ್ಲಿ ಬಿರಿಯುವಂಥದು. ಇಲ್ಲಿ ನೆರವಿಗೆ ಬಂದದ್ದು ಹೊಸ ಕಾಲದ ತಂತ್ರ. ಹಳೆಯ ಗೇರಿನ ಹಲ್ಲುಗಳನ್ನು ಎಣಿಸಿ, ಅಳೆದು, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ, ಮೂರು ಆಯಾಮದ ಮುದ್ರಣ ಯಂತ್ರದಲ್ಲಿ ಹೊಸ ಗೇರು ಮಾಡಿಕೊಳ್ಳುತ್ತಾರೆ. ಹಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ ಇಂಥ ಮುದ್ರಣ ಯಂತ್ರಗಳಿವೆ. ಹುಟ್ಟುಹಬ್ಬದ ಕೀಚೈನು ಮುದ್ರಿಸುವುದಕ್ಕಿಂತ ಇದು ವಾಸಿಯಲ್ಲವೆ?

ಬದಲಿಸುವ ಮುನ್ನ ಒರೆಸಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಭಾಗ ಬದಲಿಸಬೇಕು ಎಂದುಕೊಂಡ ಎಷ್ಟೋ ಯಂತ್ರಗಳಿಗೆ ಬೇಕಾದ್ದು ಹತ್ತಿ ಮತ್ತು ತಾಳ್ಮೆ ಮಾತ್ರ. ಹೆಡ್ಡಿನ ಮೇಲೆ ಕಂದು ಪುಡಿ ಕೂತರೆ ದನಿ ಕಂಬಳಿಯೊಳಗಿಂದ ಬಂದಂತೆ ಮಂಕಾಗುತ್ತದೆ. ಆಲ್ಕೊಹಾಲಿನಿಂದ ಒರೆಸಿದರೆ ಸರಿ. ಪ್ಲೇಯಿಂದ ರೆಕಾರ್ಡಿಗೆ ಬದಲಾಯಿಸುವ ಉದ್ದನೆಯ ಸ್ವಿಚ್ಚಿನ ಲೋಹದ ಮೈಗೆ ಕಿಲುಬು ಹಿಡಿದರೆ ಒಂದು ಸ್ಪೀಕರು ಮೂಕವಾಗುತ್ತದೆ, ಇಲ್ಲವೆ ಕರಕರ ಎನ್ನುತ್ತದೆ. ಸಂಪರ್ಕ ಸ್ವಚ್ಛ ಮಾಡುವ ಸ್ಪ್ರೇ ಎರಡು ಹನಿ ಬಿಟ್ಟು ಇಪ್ಪತ್ತು ಸಲ ಒತ್ತಿ ಬಿಟ್ಟರೆ ಮಾತು ಬರುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರು ಉಬ್ಬಿದ್ದರೆ ಹೊಸದು ಕೆಲವೇ ರೂಪಾಯಿಗೆ ಸಿಗುತ್ತದೆ. ಮೈಕ್ರೊಫ್ಯಾರಡ್ ಸಂಖ್ಯೆ ಅದೇ ಇರಲಿ, ವೋಲ್ಟೇಜು ಅಷ್ಟೇ ಅಥವಾ ಹೆಚ್ಚಿರಲಿ, ಧನ-ಋಣ ತುದಿ ತಪ್ಪದಿರಲಿ.

ಕೆಲವು ಎಚ್ಚರಿಕೆಗಳು. ಮಕ್ಕಳು ಮನೆಯ ಕರೆಂಟಿಗೆ ಸಿಕ್ಕಿಸಿದ ಯಂತ್ರವನ್ನು ಬಿಚ್ಚಲೇಬಾರದು. ಟೂ-ಇನ್-ವನ್‌ಗಳಿಗೆ ಸೆಲ್ ಹಾಕುವ ಗೂಡು ಇರುತ್ತದಲ್ಲ, ವಯರು ಕಿತ್ತಿಟ್ಟು ಸೆಲ್ಲಿನಿಂದಲೇ ಪರೀಕ್ಷಿಸುವುದು ಕ್ಷೇಮ. ಸೆಲ್ ಇಲ್ಲದ ದೊಡ್ಡ ಡೆಕ್ಕಾದರೆ ತಿಳಿದ ಹಿರಿಯರು ಜೊತೆಗಿರಲಿ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಅಂಟಿಸಿಡಬೇಕು. ಪ್ರತಿ ಹಂತಕ್ಕೊಂದು ಫೋಟೊ ತೆಗೆದುಕೊಂಡರೆ ಮತ್ತೆ ಜೋಡಿಸುವಾಗ ಪೇಚಾಟವಿಲ್ಲ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ರಿಪೇರಿಯಾದ ಯಂತ್ರಕ್ಕೆ ಅಜ್ಜಿಯ ಕ್ಯಾಸೆಟ್ಟನ್ನು ಮೊದಲಿಗೇ ಹಾಕಬಾರದು. ಹೋದರೆ ಹೋಗಲಿ ಎನ್ನುವಂಥ ಒಂದು ಕ್ಯಾಸೆಟ್ಟನ್ನು ಎರಡೂ ಬದಿ ಪೂರ್ತಿ ಓಡಿಸಿ ನೋಡಬೇಕು. ಕೈಬರಹದ ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಬೇಕು. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಕೂರುವುದಿಲ್ಲ. ಆ ಚೂರು ಇದ್ದದ್ದರಿಂದ, ಒಂದು ತಪ್ಪು ಗುಂಡಿಯಿಂದ, ಎಷ್ಟೋ ಮನೆಗಳಲ್ಲಿ ಅಜ್ಜನ ಭಜನೆಯ ನಡುವೆ ಕ್ರಿಕೆಟ್ ಕಾಮೆಂಟರಿ ನುಸುಳಿದೆ.

ಕ್ಯಾಸೆಟ್ಟಿಗೂ ಬೇಕು ಬಿಡಿಭಾಗ

ಯಂತ್ರ ಸರಿಯಾದರೂ ಕ್ಯಾಸೆಟ್ಟು ಸರಿಯಿರಬೇಕಲ್ಲ? ಮಲೆನಾಡು, ಕರಾವಳಿಯ ಮನೆಗಳಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಅದನ್ನು ಹಾಗೆಯೇ ಓಡಿಸಿದರೆ ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಬಲ್ಲವರ ಕೈಯಲ್ಲಿ ಶುಚಿ ಮಾಡಿಸುವುದು ಒಳ್ಳೆಯದು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಮೆತ್ತನೆಯ ತುಂಡೊಂದು ಕ್ಯಾಸೆಟ್ಟಿನೊಳಗೆ ಇರುತ್ತದೆ. ಅಂಟು ಒಣಗಿ ಅದು ಉದುರಿಹೋದರೆ ದನಿ ಮಂಕು. ಆಗ ಸ್ಕ್ರೂ ಇರುವ ಬೇರೊಂದು ಬೇಡದ ಕ್ಯಾಸೆಟ್ಟನ್ನು ಬಿಚ್ಚಿ, ಅದರ ಕವಚದೊಳಕ್ಕೆ ಈ ಟೇಪಿನ ಸುರುಳಿಗಳನ್ನು ವರ್ಗಾಯಿಸಬಹುದು. ಕ್ಯಾಸೆಟ್ಟಿನ ಅಳತೆ ಎಲ್ಲ ಕಡೆ ಒಂದೇ ಎಂಬ ಒಮ್ಮತ ಇಲ್ಲಿ ಕೈಹಿಡಿಯುತ್ತದೆ. ಸಡಿಲವಾದ ಸುರುಳಿಯನ್ನು ಬಿಗಿ ಮಾಡಲು ಆರು ಮೂಲೆಯ ಪೆನ್ಸಿಲ್ಲು ಸಾಕೆಂಬುದು ಅಪ್ಪ-ಅಮ್ಮಂದಿರಿಗೆ ಗೊತ್ತಿರುವ ವಿದ್ಯೆ. ಮಕ್ಕಳಿಗೆ ಅವರೇ ಕಲಿಸಲಿ.

ಕೊನೆಯದಾಗಿ ಹೆಡ್ಡಿನ ಪಕ್ಕದ ಸ್ಕ್ರೂ. ಹೆಡ್ಡಿನ ಸೀಳು ಒಂದೆರಡು ಮೈಕ್ರಾನಿನಷ್ಟು ಸಣ್ಣದು. ತಲೆಗೂದಲಿನ ದಪ್ಪ ಅದಕ್ಕಿಂತ ಹತ್ತಾರು ಪಟ್ಟು. ಆ ಸೀಳು ಟೇಪಿಗೆ ನೆಟ್ಟಗೆ ನಿಂತಿರಬೇಕು. ಮದುವೆ ಮನೆಯಲ್ಲಿ ರೆಕಾರ್ಡು ಮಾಡಿದ ಯಂತ್ರದ ಹೆಡ್ಡು ತುಸು ವಾಲಿದ್ದರೆ ಆ ಕ್ಯಾಸೆಟ್ಟು ಬೇರೆ ಯಂತ್ರದಲ್ಲಿ ಮಂಕಾಗಿ ಕೇಳುತ್ತದೆ. ಹಾಡು ಕೇಳುತ್ತಲೇ ಆ ಸ್ಕ್ರೂವನ್ನು ಕಾಲು ಸುತ್ತಿನೊಳಗೆ ಅತ್ತಿತ್ತ ತಿರುಗಿಸಿದರೆ ಬಳೆಯ ಸದ್ದು, 'ಸ'ಕಾರ, 'ಶ'ಕಾರಗಳು ಥಟ್ಟನೆ ಬಿಡಿಬಿಡಿಯಾಗುತ್ತವೆ. ಮೊದಲು ಸ್ಕ್ರೂ ಇದ್ದ ಜಾಗವನ್ನು ಗುರುತು ಹಾಕಿಕೊಂಡಿರಬೇಕು. ವೇಗ ಸರಿಯಿದೆಯೇ ಎಂದು ನೋಡಲು ಅಂಗಡಿಯ ಕ್ಯಾಸೆಟ್ಟಿನ ಹಾಡೊಂದನ್ನು, ಮೊಬೈಲಿನಲ್ಲಿ ಅದೇ ಹಾಡನ್ನು ಒಟ್ಟಿಗೆ ಶುರು ಮಾಡಬಹುದು. ಮೂರು ನಿಮಿಷದಲ್ಲಿ ಹೆಚ್ಚುಕಡಿಮೆ ಎರಡು ಸೆಕೆಂಡ್ ಅಂತರವಾದರೆ ವೇಗದಲ್ಲಿ ಶೇಕಡಾ ಒಂದರ ವ್ಯತ್ಯಾಸ ಎಂದು ತಿಳಿಯಬೇಕು.

ಅವಸರ ಯಾಕೆ?

'ಹೊಸ ಪ್ಲೇಯರೇ ಸಿಗುವಾಗ ಈ ಪಾಡೇಕೆ?' ಎಂಬ ಪ್ರಶ್ನೆ ನ್ಯಾಯವಾದದ್ದೇ. ಎರಡೇ ಕ್ಯಾಸೆಟ್ಟು ಇರುವವರಿಗೆ ಹೊಸದೇ ಸಾಕಾದೀತು. ಆದರೆ ಹಳೆಯ ಒಳ್ಳೆಯ ಡೆಕ್ಕಿನಷ್ಟು ಸ್ಥಿರವಾದ ವೇಗ ಅಗ್ಗದ ಹೊಸ ಯಂತ್ರಗಳಲ್ಲಿಲ್ಲ. ಡಾಲ್ಬಿ ಪದ್ಧತಿಯಲ್ಲಿ ಮುದ್ರಿಸಿದ ಕ್ಯಾಸೆಟ್ಟನ್ನು ಸರಿಯಾಗಿ ಬಿಡಿಸಿ ಓದುವ ಸೌಲಭ್ಯ ಹಳೆಯವುಗಳಲ್ಲಿದೆ, ಹೊಸವುಗಳಲ್ಲಿ ಕಾಣುವುದಿಲ್ಲ.

ಅದಕ್ಕಿಂತ ಮುಖ್ಯ ಕಾರಣ ಇನ್ನೊಂದು. 2019ರಲ್ಲಿ ಯುನೆಸ್ಕೋದ 'ಎಲ್ಲರಿಗೂ ಮಾಹಿತಿ' ಕಾರ್ಯಕ್ರಮವು ಅಂತಾರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘದೊಡನೆ ಸೇರಿ ಲೋಕಕ್ಕೆಲ್ಲ ಒಂದು ಎಚ್ಚರಿಕೆ ಕೊಟ್ಟಿತು. ಟೇಪು ಇನ್ನೂ ಬಾಳೀತು. ಅದನ್ನು ಓದುವ ಯಂತ್ರ, ಅದರ ಬಿಡಿಭಾಗ, ರಿಪೇರಿ ಬಲ್ಲ ಕೈ ಇವೇ ಮೊದಲು ಮುಗಿದುಹೋಗುತ್ತವೆ. 2025ರ ಹೊತ್ತಿಗೆ ಟೇಪುಗಳನ್ನು ಸಲೀಸಾಗಿ ಓದಿಸುವ ಕಾಲ ಮುಗಿಯಲಿದೆ ಎಂಬುದು ಅದರ ಸಾರ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಅದೇ ಗಡುವನ್ನು ಹೇಳಿತ್ತು. ಆ ವರ್ಷ ಬಂತು. ಟೇಪುಗಳೇನೂ ರಾತ್ರೋರಾತ್ರಿ ಪುಡಿಯಾಗಲಿಲ್ಲ. ಆದರೆ ಪಾರ್ಟ್ಸ್ ಬರೋದಿಲ್ಲ ಎಂದು ತಲೆಯಾಡಿಸುವ ಅಂಗಡಿಗಳು ಊರೂರಲ್ಲಿ ಹೆಚ್ಚಿವೆ.

ಆದ್ದರಿಂದ ಯಂತ್ರ ಓಡತೊಡಗಿದ ದಿನವೇ ಮಾಡಬೇಕಾದ ಕೆಲಸವೆಂದರೆ ಹೆಡ್‌ಫೋನಿನ ಕಿಂಡಿಯಿಂದ ಕಂಪ್ಯೂಟರಿಗೆ ತಂತಿ ಎಳೆದು ಹಾಡನ್ನು ಇಳಿಸಿಕೊಳ್ಳುವುದು. ಹಿಂಡಿ ಚಿಕ್ಕದು ಮಾಡಿದ ಫೈಲಿಗಿಂತ ಪೂರ್ಣ ಗಾತ್ರದ ವೇವ್ ಫೈಲು ಒಳ್ಳೆಯದು. ಸಿ.ಡಿ. ಗುಣಮಟ್ಟದ್ದಾದರೆ ಒಂದು ಗಂಟೆಗೆ ಸುಮಾರು 635 ಮೆಗಾಬೈಟ್ ಬೇಕು. ಇಂದಿನ ಲೆಕ್ಕದಲ್ಲಿ ಅದು ದೊಡ್ಡದಲ್ಲ. ಎರಡು ಕಡೆ ಪ್ರತಿ ಇಟ್ಟುಕೊಂಡು, ಹಾಡಿದವರು ಯಾರು, ಯಾವ ಊರು, ಯಾವ ಸಂದರ್ಭ ಎಂದು ಬರೆದಿಡಬೇಕು. ಆ ವಿವರ ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿಕೊಳ್ಳುವುದು ಜಾಣತನ. ಅವರಿಗೂ ಬಿಡಿಭಾಗ ಸಿಗುವುದಿಲ್ಲ.

ಈ ಕೆಲಸ ತಂದೆ-ತಾಯಿ, ಮಕ್ಕಳು ಕೂಡಿ ಮಾಡುವಂಥದು. ಕ್ಯಾಸೆಟ್ಟಿನೊಳಗೆ ಕೆಮ್ಮಿದವರು ಯಾರು, ನಕ್ಕವರು ಯಾರು ಎಂಬುದು ದೊಡ್ಡವರಿಗೆ ಗೊತ್ತು. ಬೆಲ್ಟು ಅಳೆಯುವ ಚುರುಕು ಕಣ್ಣು, ಗೇರು ಮುದ್ರಿಸುವ ವಿದ್ಯೆ ಮಕ್ಕಳ ಬಳಿ ಇದೆ. 19 ಸೆಂಟಿಮೀಟರಿನ ರಬ್ಬರಿನ ಬಳೆ ರಾಟೆಗೆ ಕೂತು, ಗುಂಯ್ ಎಂಬ ಸದ್ದಿನ ಜೊತೆಗೆ ಈ ಸಲ ಚಕ್ರವೂ ತಿರುಗಿ, ಮೊದಲು ಪಾತ್ರೆಯ ಸದ್ದು, ಆಮೇಲೆ ಯಾರೋ 'ಅತ್ತೆ, ಶುರು ಮಾಡಿ' ಎನ್ನುವುದು, ಆಮೇಲೆ ಆ ದನಿ. ಮೊಮ್ಮಗಳು ಅದನ್ನು ಕೇಳುತ್ತಿರುವುದು ಮೊದಲ ಸಲ. ಅಪ್ಪ ಕೇಳುತ್ತಿರುವುದು ಬಹಳ ವರ್ಷಗಳ ಮೇಲೆ.